“81% ಮಕ್ಕಳಿಗೆ ಆತಂಕದ ಕಾಯಿಲೆ” ಅಂತ ಒಂದು ಮೆಸೇಜ್ ಓಡಾಡುತ್ತಿದೆ, ಇದನ್ನು ಎಷ್ಟು ನಂಬಬೇಕು?

ಸಾಗರದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದಾಳೆ. ಅವಳ ಕಾಲೇಜಿನ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂದಿದೆ. ಇದ್ದ ಹಾಗೇ ಇಲ್ಲಿ ಹಾಕುತ್ತೇನೆ:

“81% ವಿದ್ಯಾರ್ಥಿಗಳಿಗೆ ಆತಂಕದ ಕಾಯಿಲೆ. 57% ಹೆಣ್ಣುಮಕ್ಕಳಿಗೆ ಖಿನ್ನತೆ. ಪ್ರತಿ 7 ಯುವಜನರಲ್ಲಿ ಒಬ್ಬರು ಮನೋರೋಗಿ. ವರ್ಷಕ್ಕೆ 13 ಸಾವಿರ ವಿದ್ಯಾರ್ಥಿಗಳ ಆತ್ಮಹತ್ಯೆ. ಎಲ್ಲದಕ್ಕೂ ಕಾರಣ ಮೊಬೈಲ್. ನಿಮ್ಮ ಮಗುವನ್ನು ಇಂದೇ ಪರೀಕ್ಷೆ ಮಾಡಿಸಿ.”

ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಮಗಳು ಈಚೆಗೆ ಮಾತು ಕಡಿಮೆ ಮಾಡಿದ್ದಾಳೆ. ನಮ್ಮನೆಯವರು “ಸುಮ್ನೆ ಹೆದರಿಸೋಕೆ ಬರೀತಾರೆ, ಬಿಡು” ಅನ್ನುತ್ತಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ತಿಳಿದವರು ಹೇಳಿದರೆ ಉಪಕಾರ ಆಗುತ್ತದೆ.

ಕೋಣಂದೂರು ತೋಟ

ನಿಮ್ಮನೆಯವರು ಹೇಳಿದ್ದೇ ಸರಿ ಅಕ್ಕ. ನೂರರಲ್ಲಿ 81 ಮಕ್ಕಳಿಗೆ ಕಾಯಿಲೆ ಅಂದರೆ ಊರಲ್ಲಿ ಆರೋಗ್ಯವಾಗಿರುವ ಮಕ್ಕಳೇ ಇಲ್ಲ ಅಂತಾಯ್ತಲ್ಲ? ನಾವೂ ಓದಿದವರೇ. ಜಡಿಮಳೆಯಲ್ಲಿ ನೆನೆದುಕೊಂಡು, ಹಳ್ಳ ದಾಟಿ ಶಾಲೆಗೆ ಹೋದವರು. ಪರೀಕ್ಷೆ ಅಂದರೆ ಆಗಲೂ ಹೆದರಿಕೆ ಇತ್ತು. ಅದನ್ನು ಯಾರೂ ಕಾಯಿಲೆ ಅನ್ನಲಿಲ್ಲ. ಕೊನೆಯ ಸಾಲು ನೋಡಿ, “ಇಂದೇ ಪರೀಕ್ಷೆ ಮಾಡಿಸಿ” ಅಂತೆ. ದುಡ್ಡು ಮಾಡುವ ದಾರಿ ಮಾರಾಯ್ರೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ಈ ಮೆಸೇಜ್ ನಮ್ಮ ಕಾಲೇಜಿನ ಗುಂಪಿಗೂ ಬಂದಿದೆ. ಅದರಲ್ಲಿರುವ ಅಂಕಿಗಳಲ್ಲಿ ಕೈಯಿಂದ ಹುಟ್ಟಿಸಿದ್ದು ಒಂದೂ ಇಲ್ಲ. ಎಲ್ಲವೂ ಎಲ್ಲೋ ಅಚ್ಚಾದವೇ. ಪಕ್ಕದಲ್ಲಿ ಬರೆದಿರುವ ಮಾತು ಮಾತ್ರ ಬೇರೆಯಾಗಿದೆ. ಹಾಗಾಗಿಯೇ ಇದು ಜಾಸ್ತಿ ಅಪಾಯ. ಗೂಗಲ್ ಮಾಡಿದವರಿಗೆ ಅದೇ ಅಂಕಿ ಸಿಗುತ್ತದೆ, “ಹಾಗಾದರೆ ನಿಜವೇ” ಅಂದುಕೊಳ್ಳುತ್ತಾರೆ.

ಮೊದಲು 81. ಇದು ಎನ್‌ಸಿಇಆರ್‌ಟಿ 2022ರಲ್ಲಿ ಮಾಡಿದ ಸಮೀಕ್ಷೆಯದು. ಜನವರಿಯಿಂದ ಮಾರ್ಚ್‌ವರೆಗೆ, 6ರಿಂದ 12ನೇ ತರಗತಿಯ 3,79,842 ಮಕ್ಕಳು ಉತ್ತರ ಕೊಟ್ಟಿದ್ದರು. ಆತಂಕಕ್ಕೆ ಕಾರಣ ಏನು ಅಂತ ಕೇಳಿದಾಗ 50% ಮಕ್ಕಳು ಓದು ಅಂದರು, 31% ಮಕ್ಕಳು ಪರೀಕ್ಷೆ ಮತ್ತು ರಿಸಲ್ಟ್ ಅಂದರು. ಎರಡನ್ನೂ ಕೂಡಿಸಿ 81 ಮಾಡಿದರು. ಅಂದರೆ “ನಿನಗೆ ಆತಂಕ ಯಾವುದರಿಂದ” ಅನ್ನುವ ಪ್ರಶ್ನೆಗೆ ಸಿಕ್ಕ ಉತ್ತರ ಇದು. “ನಿನಗೆ ಆತಂಕದ ಕಾಯಿಲೆ ಇದೆಯಾ” ಅಂತ ಅಲ್ಲಿ ಯಾರೂ ತಪಾಸಣೆ ಮಾಡಿಲ್ಲ. ಅದೇ ಸಮೀಕ್ಷೆಯಲ್ಲಿ 73% ಮಕ್ಕಳು ಶಾಲೆಯ ಜೀವನ ತೃಪ್ತಿ ತಂದಿದೆ ಅಂದಿದ್ದಾರೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಮೂರು ತಿಂಗಳು ಎಂಥ ಕಾಲ ಅನ್ನುವುದನ್ನೂ ನೆನಪಿಡಿ. ಕೊರೊನಾ ಮೂರನೇ ಅಲೆ ಬಂದು ಹೋಗುತ್ತಿತ್ತು, ಶಾಲೆಗಳು ಮುಚ್ಚಿ ತೆರೆದು ಮಾಡುತ್ತಿದ್ದವು.

57% ಅನ್ನುವುದು ನಮ್ಮ ದೇಶದ ಅಂಕಿಯೇ ಅಲ್ಲ. ಅಮೆರಿಕದ ಸಿಡಿಸಿ ಸಂಸ್ಥೆ 2021ರಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳನ್ನು ಕೇಳಿದ್ದು. ಪ್ರಶ್ನೆ ಹೀಗಿತ್ತು: ಕಳೆದ 12 ತಿಂಗಳಲ್ಲಿ ಯಾವಾಗಲಾದರೂ ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ದಿನಾಲೂ, ಮಾಮೂಲಿ ಕೆಲಸ ಬಿಡುವಷ್ಟು ದುಃಖ ಅಥವಾ ಹತಾಶೆ ಆಗಿತ್ತಾ? ಹೌದು ಅಂದ ಹುಡುಗಿಯರು 57%, ಹುಡುಗರು 29%, ಒಟ್ಟಾರೆ 42%. ಇದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. 2011ರಲ್ಲಿ ಒಟ್ಟಾರೆ 28% ಇತ್ತು, ಏರಿದ್ದು ನಿಜ. ಆದರೆ ಇಡೀ ವರ್ಷದಲ್ಲಿ ಒಮ್ಮೆ ಹಾಗೆ ಅನ್ನಿಸಿತ್ತು ಅನ್ನುವುದಕ್ಕೂ, ವೈದ್ಯರು ನೋಡಿ ಖಿನ್ನತೆ ಅಂತ ಹೇಳುವುದಕ್ಕೂ ವ್ಯತ್ಯಾಸ ಇದೆ. ಅಮೆರಿಕದ ಹುಡುಗಿಯರ ಉತ್ತರವನ್ನು ತಂದು ಸಾಗರದ ಹುಡುಗಿಯರ ಮೇಲೆ ಹೊರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಇನ್ನು “7ರಲ್ಲಿ ಒಬ್ಬರು”. ಇಲ್ಲಿ ಎರಡು ಬೇರೆ ಬೇರೆ ಅಂಕಿಗಳು ಕಲಸಿಹೋಗಿವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ಜಗತ್ತಿನ 10ರಿಂದ 19 ವರ್ಷದವರ ಬಗ್ಗೆ. ಅವರಲ್ಲಿ 7ಕ್ಕೆ ಒಬ್ಬರಿಗೆ ಯಾವುದಾದರೂ ಒಂದು ಮಾನಸಿಕ ಸಮಸ್ಯೆ ಇದೆ ಅನ್ನುವುದು ಅದರ ಅಂದಾಜು. ಅದರಲ್ಲಿ ಆತಂಕ, ಖಿನ್ನತೆ, ಗಮನದ ಕೊರತೆ, ನಡವಳಿಕೆಯ ತೊಂದರೆ ಎಲ್ಲವೂ ಸೇರಿವೆ. ಇನ್ನೊಂದು ಯುನಿಸೆಫ್‌ನದು. 2021ರಲ್ಲಿ 21 ದೇಶಗಳಲ್ಲಿ ಕೇಳಿದಾಗ, ಭಾರತದ 15ರಿಂದ 24 ವರ್ಷದವರಲ್ಲಿ 14% ಜನ “ಆಗಾಗ ಮನಸ್ಸು ಕುಗ್ಗುತ್ತದೆ, ಇಲ್ಲವೇ ಯಾವ ಕೆಲಸದಲ್ಲೂ ಆಸಕ್ತಿ ಇರುವುದಿಲ್ಲ” ಅಂದರು. 14% ಅಂದರೆ ಅದೂ 7ರಲ್ಲಿ ಒಬ್ಬರೇ. ವಯಸ್ಸು ಬೇರೆ, ಪ್ರಶ್ನೆ ಬೇರೆ, ಒಂದು ಅಂದಾಜು, ಇನ್ನೊಂದು ಜನರೇ ಹೇಳಿದ ಮಾತು. ಭಿನ್ನರಾಶಿ ಒಂದೇ ಆದ ಮಾತ್ರಕ್ಕೆ ಎರಡನ್ನೂ ಒಂದು ಮಾಡಿ, ಮೇಲೆ “ಮನೋರೋಗಿ” ಅಂತ ಹಣೆಪಟ್ಟಿ ಹಚ್ಚಿದ್ದಾರೆ. ನನಗೆ ಬಹಳ ಬೇಸರ ತಂದಿದ್ದು ಆ ಹಣೆಪಟ್ಟಿ.

ಸಾಗರದ ತಾಯಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ನಮ್ಮ ಕಡೆಯ ಮಕ್ಕಳಿಗೆ ಸರಿಯಾದ ಅಂಕಿ ಯಾವುದು?

ಸಂಖ್ಯಾಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ಮಲೆನಾಡಿಗೆ ಅಂತ ಒಂದು ಅಂಕಿ ಕೊಟ್ಟುಬಿಡುವ ಧೈರ್ಯ ನನಗಿಲ್ಲ, ಮೇಡಂ. ದೇಶದಲ್ಲಿ ಮನೆಮನೆಗೆ ಹೋಗಿ, ತರಬೇತಿ ಆದವರು ಕೂತು ಸಂದರ್ಶನ ಮಾಡಿದ ದೊಡ್ಡ ಸಮೀಕ್ಷೆ ಅಂದರೆ ನಿಮ್ಹಾನ್ಸ್‌ನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 2015-16ರದು. ಅದರಲ್ಲಿ 13ರಿಂದ 17 ವಯಸ್ಸಿನವರಲ್ಲಿ ಮಾನಸಿಕ ಸಮಸ್ಯೆ ಕಂಡುಬಂದಿದ್ದು 7.3% ಜನರಿಗೆ. ಎಲ್ಲ ಬಗೆಯ ಸಮಸ್ಯೆಯೂ ಸೇರಿ ಅಷ್ಟು. ದೊಡ್ಡ ನಗರಗಳಲ್ಲಿ 13.5%, ಹಳ್ಳಿ ಕಡೆ 6.9%.

ಇದನ್ನೂ ಹುಷಾರಾಗಿ ಓದಬೇಕು. ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಕರ್ನಾಟಕ ಆ ಪಟ್ಟಿಯಲ್ಲಿ ಇಲ್ಲ. ಕೋಲಾರದಲ್ಲಿ ಪ್ರಾಯೋಗಿಕವಾಗಿ ಮಾಡಿ ನೋಡಿದ್ದರು, ಅಷ್ಟೇ. ಮೇಲಾಗಿ ಅದು ಕೊರೊನಾಕ್ಕಿಂತ ಮುಂಚಿನದು. ಹಾಗಾಗಿ “ಹೊಸನಗರದಲ್ಲಿ 6.9%” ಅಂತ ಯಾರಾದರೂ ಭಾಷಣ ಮಾಡಿದರೆ ಅದೂ ತಪ್ಪೇ.

ಆದರೂ 81, 57 ಅನ್ನುವುದರ ಪಕ್ಕ 7.3 ಇಟ್ಟು ನೋಡಿ. ಯಾವ ಪ್ರಶ್ನೆ ಕೇಳಿದರು, ಹೇಗೆ ಕೇಳಿದರು ಅನ್ನುವುದರ ಮೇಲೆ ಅಂಕಿ ಎಷ್ಟು ಬದಲಾಗುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹೊಸನಗರದ ಹುಡುಗ, ಬಿಎಸ್ಸಿ

ನಾನು ಪಿಯು ಓದುವಾಗ ನಮ್ಮ ಕಾಲೇಜಿನಲ್ಲೂ ಇಂಥ ಒಂದು ಸರ್ವೆ ಆಗಿತ್ತು. ಕಾಲೇಜಿನ ಹೆಸರು ಬೇಡ. ಹೇಗೆ ನಡೆಯಿತು ಅಂತ ಹೇಳುತ್ತೇನೆ, ಅಂಕಿ ಎಲ್ಲಿಂದ ಬರುತ್ತದೆ ಅಂತ ತಿಳಿಯಲಿ.

ಮಧ್ಯಾಹ್ನದ ಕೊನೆಯ ಪೀರಿಯಡ್. ಪ್ರಿಪರೇಟರಿ ಪರೀಕ್ಷೆ ಶುರುವಾಗಲು ಮೂರೋ ನಾಲ್ಕೋ ದಿನ ಇತ್ತು. ಬೆಂಚಿನ ತುದಿಯಿಂದ ಝೆರಾಕ್ಸ್ ಹಾಳೆಗಳು ಬಂದವು. ಮೇಲೆ ಹೆಸರು, ರೋಲ್ ನಂಬರ್ ಬರೆಯಿರಿ ಅಂದರು. ಒಂದು ಬೆಂಚಿಗೆ ನಾಲ್ಕು ಜನ, ಪಕ್ಕದವನ ಹಾಳೆ ನನಗೆ ಪೂರ್ತಿ ಕಾಣುತ್ತಿತ್ತು, ನನ್ನದು ಅವನಿಗೆ. ಲೆಕ್ಚರರ್ ಸಾಲುಗಳ ಮಧ್ಯೆ ಓಡಾಡುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ “ಸರ್, ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಇದೆಯಾ” ಅಂತ ಕೇಳಿದ. ನನ್ನ ಮುಂದಿದ್ದವನು ಬಸ್ಸಿಗೆ ಹೊತ್ತಾಯಿತು ಅಂತ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಟಿಕ್ ಹಾಕಿ ಕೊಟ್ಟ. “ನಿದ್ದೆ ಸರಿಯಾಗಿ ಬರುತ್ತಿಲ್ಲವೇ, ಸುಸ್ತಾಗುತ್ತದೆಯೇ” ಅಂತ ಪ್ರಶ್ನೆಗಳಿದ್ದವು. ನಾವು ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು. ಬೆಳಗ್ಗೆ ಐದಕ್ಕೆ ಏಳುವುದು, ರಾತ್ರಿ ಹನ್ನೆರಡರ ತನಕ ಓದುವುದು. ಎಲ್ಲರೂ “ಹೆಚ್ಚುಕಡಿಮೆ ದಿನಾಲೂ” ಅಂತ ಹಾಕಿದೆವು.

ಆಮೇಲೆ ಒಂದು ಕಾರ್ಯಕ್ರಮದಲ್ಲಿ ನಮ್ಮ ಕಾಲೇಜಿನ ಇಷ್ಟು ಮಕ್ಕಳಿಗೆ ಖಿನ್ನತೆ ಅಂತ ಹೇಳಿದರು. ನಮ್ಮಲ್ಲಿ ನಿಜವಾಗಿ ಕಷ್ಟದಲ್ಲಿದ್ದ ಒಬ್ಬ ಹುಡುಗ ಇದ್ದ. ಹೆಸರು ಬರೆಯಬೇಕಲ್ಲ ಅಂತ ಅವನು ಎಲ್ಲದಕ್ಕೂ “ಇಲ್ಲವೇ ಇಲ್ಲ” ಅಂತ ಹಾಕಿದ್ದ. ಅದು ನನಗೆ ಗೊತ್ತು, ಯಾಕಂದರೆ ನಾವು ಒಂದೇ ರೂಮಿನಲ್ಲಿ ಇದ್ದೆವು.

ಭದ್ರಾವತಿ ಆಪ್ತ ಸಮಾಲೋಚಕಿ

ತಮ್ಮಾ, ನೀನು ಬರೆದ ಕೊನೆಯ ಸಾಲುಗಳನ್ನು ಇಂಥ ಸರ್ವೆ ಮಾಡುವವರೆಲ್ಲ ಓದಬೇಕು. ಹಾಗೆ ತುಂಬಿಸಿಕೊಂಡ ಫಾರಂನಲ್ಲಿ ಅಂಕಿ ಎರಡೂ ಕಡೆ ಕೆಡುತ್ತದೆ. ಬರೀ ಸುಸ್ತಾದವರು ಒಳಗೆ ಬರುತ್ತಾರೆ, ನಿಜವಾಗಿ ನೊಂದವರು ಹೊರಗೆ ಉಳಿಯುತ್ತಾರೆ.

ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕೊಡುವುದು ಖಿನ್ನತೆಯ ಲಕ್ಷಣ ಕೇಳುವ, ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಕೇಳುವುದು ಕಳೆದ ಎರಡು ವಾರದ ಬಗ್ಗೆ ಮಾತ್ರ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ “ಇವರ ಜೊತೆ ಕೂತು ಮಾತಾಡಬೇಕು” ಅಂತ ಅರ್ಥ. ಅಲ್ಲಿಗೆ ಕೆಲಸ ಶುರುವಾಗುತ್ತದೆ. ನಮ್ಮ ಜನ ಅಲ್ಲಿಗೇ ಮುಗಿಸಿಬಿಡುತ್ತಾರೆ.

ಮಲೆನಾಡಿನವರಿಗೆ ಇದು ಹೊಸದೇನಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರಿನಲ್ಲಿ. ಅರಳಗೋಡು ಕಡೆ 2019ರಲ್ಲಿ ಅಷ್ಟು ಸಾವು ನೋವು ಆದಾಗ ಜ್ವರ ಬಂದವರ ರಕ್ತ ಪರೀಕ್ಷೆ ಮಾಡಿಸಿದರು. ಜ್ವರ ಬಂದವರೆಲ್ಲರನ್ನೂ ಯಾರೂ ಮಂಗನ ಕಾಯಿಲೆ ಅಂತ ಎಣಿಸಲಿಲ್ಲ. ಹಾಗಂತ ಜ್ವರ ಬಂದವರನ್ನು ಮನೆಗೆ ಹೋಗಿ ಮಲಗಿ ಅಂತಲೂ ಹೇಳಲಿಲ್ಲ. ಈ ಫಾರಂನಲ್ಲಿ ಬರುವ ಅಂಕ ಜ್ವರ ಇದ್ದ ಹಾಗೆ. ಯಾಕೆ ಬಂತು ಅಂತ ಆಮೇಲೆ ನೋಡಬೇಕು.

ಸಂಖ್ಯಾಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ಮೇಡಂ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಮಾಡಿಸುವ ಲೆಕ್ಕ ಇದು. ಪೆನ್ನು ಹಿಡಿದು ನೀವೂ ಮಾಡಿ ನೋಡಿ.

ಒಂದು ಕಾಲೇಜಿನಲ್ಲಿ 1000 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳೋಣ. ಅವರಲ್ಲಿ 70 ಜನರಿಗೆ ನಿಜವಾಗಿ ಖಿನ್ನತೆ ಇದೆ ಅಂತಲೂ ಇಟ್ಟುಕೊಳ್ಳೋಣ. ಪಿಎಚ್‌ಕ್ಯೂ-9ರಲ್ಲಿ 10ರ ಗೆರೆ ಹಾಕಿದಾಗ, ಖಿನ್ನತೆ ಇರುವವರಲ್ಲಿ ಸುಮಾರು 88% ಜನರನ್ನು ಅದು ಹಿಡಿಯುತ್ತದೆ. ಇಲ್ಲದವರಲ್ಲಿ ಸುಮಾರು 85% ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಅಳತೆ ಇದು. ಕೇಳಲು ಬಹಳ ಒಳ್ಳೆಯ ಪರೀಕ್ಷೆ ಅನ್ನಿಸುತ್ತದೆ, ಅಲ್ವಾ?

70ರಲ್ಲಿ 88% ಅಂದರೆ 62 ಜನ ಸಿಕ್ಕರು. 8 ಜನ ತಪ್ಪಿಸಿಕೊಂಡರು. ಉಳಿದ 930 ಮಕ್ಕಳಲ್ಲಿ 15% ಅಂದರೆ ಹತ್ತಿರ ಹತ್ತಿರ 140 ಜನ, ಖಿನ್ನತೆ ಇಲ್ಲದಿದ್ದರೂ ಗೆರೆ ದಾಟಿದರು. ಗೆರೆ ದಾಟಿದವರು ಒಟ್ಟು 202. ಮಾರನೇ ದಿನ “ಕಾಲೇಜಿನ 20% ಮಕ್ಕಳಿಗೆ ಖಿನ್ನತೆ” ಅಂತ ಸುದ್ದಿ. ನಾವು ಶುರುಮಾಡಿದ್ದು 7%ನಿಂದ. ಆ 202 ಮಕ್ಕಳಲ್ಲಿ ನಿಜವಾಗಿ ಖಿನ್ನತೆ ಇರುವವರು ಮೂರರಲ್ಲಿ ಒಬ್ಬರೂ ಇಲ್ಲ.

ಪರೀಕ್ಷೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಕಾಯಿಲೆ ಇಲ್ಲದವರು ಸಂಖ್ಯೆಯಲ್ಲಿ ಬಹಳ ಜಾಸ್ತಿ ಇರುವಾಗ, ಅವರಲ್ಲಿ ಸಣ್ಣ ಪಾಲು ತಪ್ಪಾಗಿ ಬಂದರೂ ಅದು ದೊಡ್ಡ ಗುಂಪಾಗುತ್ತದೆ. ಇದು ಬರೀ ಬೋರ್ಡಿನ ಲೆಕ್ಕ ಅಂದುಕೊಳ್ಳಬೇಡಿ. 2020ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಅದೇ ಜನರನ್ನು ಪಿಎಚ್‌ಕ್ಯೂ-9ರಿಂದ ಅಳೆದಾಗ ಸುಮಾರು 25%, ಪೂರ್ತಿ ಸಂದರ್ಶನ ಮಾಡಿದಾಗ ಸುಮಾರು 12% ಬಂದಿತ್ತು. ಎರಡು ಪಟ್ಟು.

ಕೋಣಂದೂರು ತೋಟ

ನೋಡಿ, ನಾನು ಮೊದಲೇ ಹೇಳಿದೆ. ಎಲ್ಲ ಉಬ್ಬಿಸಿದ್ದು. ಸುಮ್ನೆ ಮಕ್ಕಳ ತಲೆಗೆ ಇಲ್ಲದ್ದು ತುಂಬುತ್ತಾರೆ.

ಭದ್ರಾವತಿ ಆಪ್ತ ಸಮಾಲೋಚಕಿ

ಇಲ್ಲ ಅಣ್ಣ, ದಯವಿಟ್ಟು ಹಾಗೆ ಓದಬೇಡಿ. ನನಗೆ ಹೆದರಿಕೆ ಇರುವುದೇ ಇಲ್ಲಿ.

ಮೇಷ್ಟ್ರ ಲೆಕ್ಕದಲ್ಲೇ 70 ಮಕ್ಕಳಿದ್ದಾರಲ್ಲ. 20% ಅನ್ನುವುದು ತಪ್ಪು ಅಂತ ಸಾಬೀತಾದರೆ ಆ 70 ಜನ ಮಾಯವಾಗುವುದಿಲ್ಲ. ತಪ್ಪಿಸಿಕೊಂಡ 8 ಜನರಂತೂ ಯಾರ ಕಣ್ಣಿಗೂ ಬಿದ್ದಿಲ್ಲ. ನಿಮ್ಹಾನ್ಸ್‌ನ ಆ ಸಮೀಕ್ಷೆಯಲ್ಲೇ ಇನ್ನೊಂದು ಅಂಕಿ ಇದೆ. ಮಾನಸಿಕ ಸಮಸ್ಯೆ ಇರುವವರಲ್ಲಿ ಚಿಕಿತ್ಸೆ ಸಿಗದೇ ಇರುವವರು, ಕಾಯಿಲೆಗೆ ತಕ್ಕಂತೆ, 70%ನಿಂದ 92% ತನಕ. ಆ ಅಂಕಿ ಹತ್ತು ಪಾಯಿಂಟ್ ಆಚೀಚೆ ಆದರೂ ನಾವು ಮಾಡಬೇಕಾದ ಕೆಲಸ ಬದಲಾಗುವುದಿಲ್ಲ.

“ಅದನ್ನು ಯಾರೂ ಕಾಯಿಲೆ ಅನ್ನಲಿಲ್ಲ” ಅಂದಿರಿ. ಕಾಯಿಲೆ ಆಗಲೂ ಇತ್ತು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಿದ್ದರು, ದೇವರು ಮೈಮೇಲೆ ಬರುವ ದರ್ಶನದಲ್ಲಿ ಕೇಳಿಸುತ್ತಿದ್ದರು. ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುತ್ತಿದ್ದರು. ಅದು ಯಾವ ರಿಜಿಸ್ಟರಿನಲ್ಲೂ ಬರೆದಿಲ್ಲ. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರಂಥವರು ಮನಸ್ಸಿನ ಕಾಯಿಲೆಯ ಬಗ್ಗೆ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದರು, ಮಾತಾಡಿದರು. 2016ರಲ್ಲಿ ಅವರು ತೀರಿಕೊಂಡರು, ಆದರೆ ಮನೋವೈದ್ಯರ ಹತ್ತಿರ ಹೋಗುವುದು ನಾಚಿಕೆಯ ವಿಷಯ ಅಲ್ಲ ಅಂತ ಈ ಕಡೆಯ ಎಷ್ಟೋ ಮನೆಗಳಿಗೆ ಅನ್ನಿಸಿದ್ದು ಅಂಥ ಕೆಲಸದಿಂದ. ಜನ ಬರಲು ಶುರುಮಾಡಿದರೆ ಆಸ್ಪತ್ರೆಯ ಲೆಕ್ಕ ಏರುತ್ತದೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆಯಲ್ಲ, ವೈದ್ಯರು ಬರತೊಡಗಿದ ಕಡೆ ಹೊರರೋಗಿಗಳ ಸಂಖ್ಯೆ ಜಾಸ್ತಿ ಆಗಲೇಬೇಕು. ಅದನ್ನು ನೋಡಿ “ಊರಲ್ಲಿ ಕಾಯಿಲೆ ಹೆಚ್ಚಿತು” ಅನ್ನುವುದು ಹೇಗೆ ಸರಿಯಾಗುತ್ತದೆ?

ಕಡಿಮೆ ಅಂಕಿಯೂ ಮೋಸ ಮಾಡುತ್ತದೆ. ಮೇಷ್ಟ್ರು ಹೇಳಿದ ಯುನಿಸೆಫ್ ಸಮೀಕ್ಷೆಯಲ್ಲಿ 21 ದೇಶಗಳ ಮಧ್ಯದ ಅಂಕಿ 19%, ಭಾರತದ್ದು 14%. ನಮ್ಮ ಮಕ್ಕಳು ಜಾಸ್ತಿ ಖುಷಿಯಾಗಿದ್ದಾರೆ ಅಂತ ಹೆಮ್ಮೆ ಪಡಬಹುದು ಅನ್ನಿಸುತ್ತದೆ. ಆದರೆ ಮನಸ್ಸಿಗೆ ಕಷ್ಟ ಆದಾಗ ಇನ್ನೊಬ್ಬರ ನೆರವು ಪಡೆಯುವುದು ಒಳ್ಳೆಯದು ಅಂತ ಅದೇ ಸಮೀಕ್ಷೆಯಲ್ಲಿ ಹೇಳಿದವರು ಭಾರತದಲ್ಲಿ 41% ಮಾತ್ರ. ಎಲ್ಲ ದೇಶಗಳ ಸರಾಸರಿ 83%. ಹೇಳಿಕೊಳ್ಳುವುದೇ ಬೇಡ ಅನ್ನುವ ಕಡೆ ಅಂಕಿ ಕಡಿಮೆ ಬಂದರೆ ಅದನ್ನು ಆರೋಗ್ಯ ಅಂತ ಓದಲು ಬರುವುದಿಲ್ಲ.

ಕೋಣಂದೂರು ತೋಟ

ಮೇಡಂ, ನೀವು ಹೇಳಿದ್ದು ಅರ್ಥವಾಯಿತು. ದರ್ಶನದ ವಿಷಯ ನಮ್ಮ ಕುಟುಂಬದಲ್ಲೂ ನಡೆದಿದೆ. ಆದರೆ ಮಕ್ಕಳಿಗೆ ದಿನಾ “ನಿನಗೆ ಏನೋ ಆಗಿದೆ” ಅಂತ ಹೇಳುತ್ತಿದ್ದರೆ ಇಲ್ಲದ್ದೂ ಬರುತ್ತದೆ ಅನ್ನುವ ನನ್ನ ಮಾತನ್ನು ನಾನು ಬಿಡುವುದಿಲ್ಲ.

ಭದ್ರಾವತಿ ಆಪ್ತ ಸಮಾಲೋಚಕಿ

ಬಿಡಬೇಡಿ ಅಣ್ಣ. ಅದೂ ಇರುವ ಅಪಾಯವೇ. ಆ 140 ಮಕ್ಕಳಿಗೆ ಹಣೆಪಟ್ಟಿ ಹಚ್ಚಬಾರದು ಅನ್ನುವುದು ಅದಕ್ಕೇ.

ಶಿವಮೊಗ್ಗ ವರದಿಗಾರ

ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಆತ್ಮಹತ್ಯೆಯ ಅಂಕಿಯ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲ. 13 ಸಾವಿರ ಅನ್ನುವುದು ನಿಜ ತಾನೇ? ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವರದಿಯಲ್ಲೇ ಇದೆ. ಪ್ರತಿ ವರ್ಷ ವರದಿ ಬಂದಾಗ “ವಿದ್ಯಾರ್ಥಿಗಳ ಆತ್ಮಹತ್ಯೆ: ಪರೀಕ್ಷೆಯ ಒತ್ತಡವೇ ಕಾರಣ” ಅಂತ ತಲೆಬರಹ ಹೋಗುತ್ತದೆ. ಜಿಲ್ಲೆಯ ಪುಟಕ್ಕೆ ತಾಲೂಕುವಾರು ಏರಿಕೆ, ಇಳಿಕೆ ಹಾಕಿ ಅಂತ ಡೆಸ್ಕಿನಿಂದ ಕೇಳುತ್ತಾರೆ. ಹೇಗೆ ಬರೆದರೆ ಸರಿ?

ಸಂಖ್ಯಾಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ಕೇಳಿದ್ದು ಒಳ್ಳೆಯದಾಯಿತು ಸರ್. ಇದು ಕೈ ನಡುಗಿಸಿಕೊಂಡು ಬರೆಯಬೇಕಾದ ವಿಷಯ. ಒಂದೊಂದು ಸಂಖ್ಯೆಯ ಹಿಂದೆ ಒಂದು ಮನೆ ಇದೆ.

ಎನ್‌ಸಿಆರ್‌ಬಿ ಲೆಕ್ಕದಲ್ಲಿ 2021ರಲ್ಲಿ 13,089 ವಿದ್ಯಾರ್ಥಿಗಳು, 2022ರಲ್ಲಿ 13,044. ಇದನ್ನು “ಇಳಿಕೆ” ಅಂತ ಬರೆದರೆ ತಪ್ಪು. ಇಷ್ಟು ದೊಡ್ಡ ಸಂಖ್ಯೆ ವರ್ಷದಿಂದ ವರ್ಷಕ್ಕೆ ಅಷ್ಟು ಆಚೀಚೆ ತಾನಾಗಿ ಆಗುತ್ತದೆ. ತಾಲೂಕಿಗೆ ಇಳಿದರೆ ಕಷ್ಟ ಇನ್ನೂ ಜಾಸ್ತಿ. ಒಂದು ವರ್ಷ 2, ಮುಂದಿನ ವರ್ಷ 4 ಅಂತ ಇಟ್ಟುಕೊಳ್ಳಿ. “100% ಏರಿಕೆ” ಅಂತ ಬರೆಯಲು ಲೆಕ್ಕ ಅಡ್ಡಿ ಮಾಡುವುದಿಲ್ಲ. ಆದರೆ ಅದರಿಂದ ಆ ತಾಲೂಕಿನ ಬಗ್ಗೆ ಏನೂ ತಿಳಿಯುವುದಿಲ್ಲ, ಓದಿದ ಜನರಿಗೆ ಹೆದರಿಕೆ ಮಾತ್ರ ಉಳಿಯುತ್ತದೆ. ಸಣ್ಣ ಸಂಖ್ಯೆಗೆ ಶೇಕಡಾ ಹಾಕಲೇಬೇಡಿ ಅಂತ ನನ್ನ ವಿನಂತಿ.

ಹತ್ತು ವರ್ಷ ಹಿಂದಿನದಕ್ಕೆ ಹೋಲಿಸುವಾಗ ಆಗ ಎಷ್ಟು ಮಕ್ಕಳು ಓದುತ್ತಿದ್ದರು, ಈಗ ಎಷ್ಟು ಅಂತ ನೋಡಬೇಕು. ಎನ್‌ಸಿಆರ್‌ಬಿ ವಿದ್ಯಾರ್ಥಿ ಅಂತ ಎಣಿಸುವುದು ಉದ್ಯೋಗದ ಕಾಲಂನಲ್ಲಿ. ಓದನ್ನು ಮುಂದುವರಿಸುವವರು ಜಾಸ್ತಿಯಾದಷ್ಟೂ ಆ ಕಾಲಂ ದೊಡ್ಡದಾಗುತ್ತದೆ. ಮೊದಲಾಗಿದ್ದರೆ ಅದೇ ವಯಸ್ಸಿನವರು ಕೃಷಿ, ಕೂಲಿ, ಮನೆಗೆಲಸ ಅನ್ನುವ ಕಾಲಂಗೆ ಹೋಗುತ್ತಿದ್ದರು.

ಕಾರಣದ ವಿಷಯಕ್ಕೆ ಬಂದರೆ, ಅದು ಪೊಲೀಸ್ ದಾಖಲೆಯಿಂದ ಬರುವುದು. 2022ರ ಎಲ್ಲ ವಯಸ್ಸಿನ ಒಟ್ಟು ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವುದು “ಕುಟುಂಬ ಸಮಸ್ಯೆ”, 31.7%. ಆ ಎರಡು ಶಬ್ದದಲ್ಲಿ ಏನೆಲ್ಲ ಅಡಗಿರಬಹುದು ಯೋಚಿಸಿ. ಒಂದು ಸಾವಿಗೆ ಒಂದೇ ಕಾರಣ ಅಂತ ಬರೆಯುವ ಕಾಲಂ ಅದು, ಬದುಕು ಹಾಗೆ ಇರುವುದಿಲ್ಲ. “ಪರೀಕ್ಷೆಯೇ ಕಾರಣ” ಅಂತ ತಲೆಬರಹ ಕೊಟ್ಟರೆ ಫೇಲಾಗಿ ಕೂತಿರುವ ಮಗುವಿಗೆ ನಾವು ಏನು ಹೇಳಿದ ಹಾಗಾಯಿತು?

ಇನ್ನೊಂದು ಮಾತು ಆಗಾಗ ಕೇಳುತ್ತೇವೆ, ಯುವಜನರ ಸಾವಿನ ದೊಡ್ಡ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದು ಅಂತ. ಸರಿಯೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಲ್ಲಿ 15ರಿಂದ 29 ವಯಸ್ಸಿನವರಲ್ಲಿ ಮೂರನೇ ಸ್ಥಾನ. ಆದರೆ ಆ ವಯಸ್ಸಿನಲ್ಲಿ ಹೃದಯಾಘಾತ, ಕ್ಯಾನ್ಸರ್‌ನಿಂದ ಸಾಯುವವರು ಕಡಿಮೆ. ಹಾಗಾಗಿ ಉಳಿದ ಕಾರಣಗಳ ಪಾಲು ದೊಡ್ಡದಾಗಿ ಕಾಣುತ್ತದೆ. ಪಾಲು ಬೇರೆ, ಲಕ್ಷಕ್ಕೆ ಎಷ್ಟು ಅನ್ನುವ ದರ ಬೇರೆ. ಬರೆಯುವಾಗ ಎರಡನ್ನೂ ಕೊಡಿ. ಜೊತೆಗೆ ಸಹಾಯವಾಣಿ ನಂಬರ್ ಹಾಕಿ.

ಶಿವಮೊಗ್ಗ ವರದಿಗಾರ

ಸಣ್ಣ ಸಂಖ್ಯೆಗೆ ಶೇಕಡಾ ಬೇಡ ಅನ್ನುವುದನ್ನು ಡೆಸ್ಕಿಗೆ ಹೇಳುತ್ತೇನೆ. ಅಷ್ಟಾದರೂ ನನ್ನ ಕೈಯಲ್ಲಿದೆ.

ಹೊಸನಗರದ ಹುಡುಗ, ಬಿಎಸ್ಸಿ

ಮೊಬೈಲ್ ವಿಷಯ ಉಳಿಯಿತು ಸರ್. ಮನೆಯಲ್ಲಿ ಏನು ಆದರೂ ಕೊನೆಗೆ ಮೊಬೈಲಿಗೇ ಬರುತ್ತದೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ಚಿಕ್ಕದಾಗಿ ಹೇಳುತ್ತೇನೆ, ಅದಕ್ಕೇ ಬೇರೆ ಚರ್ಚೆ ಬೇಕು. ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು 2019ರಲ್ಲಿ ಮೂರೂವರೆ ಲಕ್ಷ ಹದಿಹರೆಯದವರ ದತ್ತಾಂಶ ನೋಡಿದರು. ಬ್ರಿಟನ್ ಮತ್ತು ಅಮೆರಿಕದ ಮಕ್ಕಳು. ಮಕ್ಕಳ ನೆಮ್ಮದಿಯಲ್ಲಿ ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದ್ದು ಹೆಚ್ಚೆಂದರೆ 0.4%. ಅದೇ ದತ್ತಾಂಶದಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಸಿಕ್ಕಿತ್ತು. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನಲು ಬರುವುದಿಲ್ಲ. ರಾತ್ರಿ ನಿದ್ದೆ ಬಾರದ ಹುಡುಗ ಮೊಬೈಲ್ ಹಿಡಿದಿರಬಹುದು, ಮೊಬೈಲ್ ಹಿಡಿದದ್ದಕ್ಕೆ ನಿದ್ದೆ ಹೋಗಿರಬಹುದು. ಆದರೆ ಇದು ಸರಾಸರಿಯ ಮಾತು. ನಿನ್ನ ಮನೆಯಲ್ಲಿ, ನಿನಗೆ ಅದು ತೊಂದರೆ ಮಾಡುತ್ತಿದೆಯಾ ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಅಪ್ಪ ಅಮ್ಮನ ಹತ್ತಿರ ಇದನ್ನೇ ಹಿಡಿದು ವಾದ ಮಾಡಬೇಡ.

ಸಾಗರದ ತಾಯಿ

ಎಲ್ಲವನ್ನೂ ಓದಿದೆ. ಈಗ ಒಂದೇ ಪ್ರಶ್ನೆ. ನನ್ನ ಮಗಳು 100ರಲ್ಲಿ 7ರ ಒಳಗೋ, 93ರ ಒಳಗೋ? ನಾನು ಏನು ಮಾಡಲಿ?

ಭದ್ರಾವತಿ ಆಪ್ತ ಸಮಾಲೋಚಕಿ

ಅಕ್ಕ, ಅದಕ್ಕೆ ಯಾವ ಸಮೀಕ್ಷೆಯಲ್ಲೂ ಉತ್ತರ ಇಲ್ಲ. ಉತ್ತರ ನಿಮ್ಮ ಮನೆಯಲ್ಲೇ ಇದೆ. ಬೇರೆ ಮಕ್ಕಳ ಜೊತೆ ಹೋಲಿಸಬೇಡಿ, ಅವಳು ಮೊದಲು ಹೇಗಿದ್ದಳು ಅನ್ನುವುದರ ಜೊತೆ ಹೋಲಿಸಿ. ಊಟ, ನಿದ್ದೆ ಬದಲಾಗಿದೆಯಾ? ಮೊದಲು ಇಷ್ಟಪಡುತ್ತಿದ್ದ ಕೆಲಸ ಬಿಟ್ಟಿದ್ದಾಳಾ? ಗೆಳತಿಯರ ಜೊತೆಗಾದರೂ ಮಾತಾಡುತ್ತಾಳಾ? ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಹಾಗಿದೆಯಾ? ಪರೀಕ್ಷೆ ಹತ್ತಿರ ಬಂದಾಗ ಮಾತು ಕಡಿಮೆ ಆಗುವುದು ಒಂದು, ಎಲ್ಲದರಿಂದಲೂ ದೂರ ಆಗುವುದು ಇನ್ನೊಂದು.

ಆ ಮೆಸೇಜ್ ತೋರಿಸಿ ಮಾತು ಶುರು ಮಾಡಬೇಡಿ. ಮಾರ್ಕ್ಸ್ ವಿಷಯವನ್ನೂ ತೆಗೆಯಬೇಡಿ. ಅಡುಗೆಮನೆಯಲ್ಲಿ ಜೊತೆಗಿರುವಾಗ “ಈಚೆಗೆ ಮಂಕಾಗಿದೀಯಲ್ಲೇ, ಏನಾದ್ರೂ ಕಷ್ಟ ಆಗ್ತಿದೆಯಾ?” ಅಂತ ಕೇಳಿ. ಕೇಳಿದ ಮೇಲೆ ಸುಮ್ಮನಿರಿ, ಅವಳು ಹೇಳಲಿ. ಬೇಕು ಅನ್ನಿಸಿದರೆ ಮಂಗಳವಾರ ಮನೋವೈದ್ಯರು ಬರುವುದನ್ನು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬನ್ನಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೂ ಮಾಡಬಹುದು, ಪೋಷಕರೂ ಮಾಡಬಹುದು. ನಿಮಗೇ ಸಮಾಧಾನ ಇಲ್ಲ ಅಂದಿರಲ್ಲ, ಮೊದಲು ನೀವೇ ಮಾಡಿ.

ಶಿಕಾರಿಪುರ ಲೆಕ್ಚರರ್

ತಡವಾಗಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಮುಂದಿನ ತಿಂಗಳು ಇದೇ ಪಿಎಚ್‌ಕ್ಯೂ-9 ಮಾಡಿಸುವುದು ಅಂತ ತೀರ್ಮಾನ ಆಗಿದೆ. ಮೇಲ್ವಿಚಾರಣೆ ನನ್ನದು. ಇದನ್ನೆಲ್ಲ ಓದಿದ ಮೇಲೆ ಮಾಡಿಸಬೇಕೋ ಬೇಡವೋ ಅನ್ನಿಸುತ್ತಿದೆ. ಹೊಸನಗರದ ಹುಡುಗ ಬರೆದ ಹಾಗೆ ಆಗಬಾರದು.

ಹೊಸನಗರದ ಹುಡುಗ, ಬಿಎಸ್ಸಿ

ಮೇಡಂ, ಪರೀಕ್ಷೆಯ ಹಿಂದಿನ ವಾರ ಬೇಡ. ಬೆಂಚಿಗೆ ಒಬ್ಬರನ್ನೇ ಕೂರಿಸಿ. ಹಾಳೆ ಯಾರ ಕೈಗೆ ಹೋಗುತ್ತದೆ ಅಂತ ಮೊದಲೇ ಹೇಳಿ. ಕ್ಲಾಸ್ ಲೆಕ್ಚರರ್ ನೋಡುತ್ತಾರೆ ಅಂದರೆ ಯಾರೂ ನಿಜ ಬರೆಯುವುದಿಲ್ಲ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ಫಲಿತಾಂಶವನ್ನು ಶೇಕಡಾದಲ್ಲಿ ವೇದಿಕೆಯ ಮೇಲೆ ಓದಬೇಡಿ ಮೇಡಂ. “ಇಷ್ಟು ಮಕ್ಕಳ ಜೊತೆ ಮಾತಾಡಬೇಕಿದೆ” ಅಂತ ಪ್ರಾಂಶುಪಾಲರಿಗೆ ತಿಳಿಸಿದರೆ ಸಾಕು. ಅಷ್ಟು ಜನರ ಜೊತೆ ಕೂರಲು ಯಾರಿದ್ದಾರೆ ಅನ್ನುವುದನ್ನು ಫಾರಂ ಹಂಚುವ ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನ ಲೆಕ್ಕದ ಪ್ರಕಾರ ಸಾವಿರಕ್ಕೆ 200 ಆಗಬಹುದು.

ಭದ್ರಾವತಿ ಆಪ್ತ ಸಮಾಲೋಚಕಿ

ಮೇಡಂ, ಮಾಡಿಸಿ, ಆದರೆ ಒಂದು ವಿಷಯ ಬಹಳ ಮುಖ್ಯ. ಆ ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ 4 ಬಂದಿರಲಿ, 24 ಬಂದಿರಲಿ, ಆ ಪ್ರಶ್ನೆಗೆ “ಇಲ್ಲವೇ ಇಲ್ಲ” ಅನ್ನುವುದನ್ನು ಬಿಟ್ಟು ಬೇರೆ ಏನು ಬರೆದಿದ್ದರೂ ಆ ಮಗುವಿನ ಜೊತೆ ಅವತ್ತೇ ಒಬ್ಬರು ಕೂತು ಮಾತಾಡಬೇಕು. ಕಾಲೇಜು ಬಿಡುವ ಮೊದಲು. ಫಾರಂಗಳನ್ನು ಕಟ್ಟಿ ಬೀರುವಿನಲ್ಲಿಟ್ಟು, ಆಮೇಲೆ ಎಕ್ಸೆಲ್‌ಗೆ ಹಾಕೋಣ ಅಂತ ಬಿಡಬೇಡಿ. ಅದಕ್ಕೆ ಬೆಳಗ್ಗೆಯೇ ಮಾಡಿಸಿ, ಕೊನೆಯ ಪೀರಿಯಡ್ ಬೇಡ. ಅವತ್ತು ನಿಮ್ಮಲ್ಲಿ ಆಪ್ತ ಸಮಾಲೋಚಕರು ಇಲ್ಲ ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ ದಿನ ಗೊತ್ತು ಮಾಡಿ. ಅವರಿಗೆ ಆಗದ ದಿನ ಸರ್ವೆಯನ್ನೇ ಮುಂದಕ್ಕೆ ಹಾಕಿ.

ಶಿಕಾರಿಪುರ ಲೆಕ್ಚರರ್

ಸರಿ ಮೇಡಂ. ದಿನ ಬದಲಾಯಿಸಲು ನಾಳೆಯೇ ಪ್ರಾಂಶುಪಾಲರ ಹತ್ತಿರ ಮಾತಾಡುತ್ತೇನೆ. ಬೆಳಗಿನ ಮೊದಲ ಪೀರಿಯಡ್ ಕೇಳುತ್ತೇನೆ. ಆವತ್ತು ಹೆಣ್ಣುಮಕ್ಕಳ ಜೊತೆ ಕೂರಲು ನೀವು ಬರಲು ಆಗುತ್ತದಾ?

ಭದ್ರಾವತಿ ಆಪ್ತ ಸಮಾಲೋಚಕಿ

ಬರುತ್ತೇನೆ. ಮಂಗಳವಾರ ಒಂದು ಬಿಟ್ಟು ಯಾವ ದಿನವಾದರೂ ಹೇಳಿ.